ಎರಡನೇ ಟ್ಯಾಂಕ್ ಹಾಕುವಾಗ ರಿಟರ್ನ್ ಪೈಪ್ ಮರೆಯಬೇಡಿ

ನನ್ನ ಪಿಕಪ್ 1996ರ ಡಾಡ್ಜ್ ರಾಮ್ 2500, 5.9 ಲೀಟರಿನ ಕಮ್ಮಿನ್ಸ್ ಡೀಸೆಲ್ ಎಂಜಿನ್. ಹಿಂದಿನ ತಗಡಿನ ತೊಟ್ಟಿ ಕಳಚಿ ಹಾಕಿ, ಮರದ ಹಲಗೆಯ ಫ್ಲ್ಯಾಟ್‌ಬೆಡ್ ನಾನೇ ಕೂರಿಸಿದ್ದೇನೆ. ಹಲಗೆಯ ಕೆಳಗೆ, ಚಾಸಿಯ ಪಕ್ಕ ಒಳ್ಳೆ ಜಾಗ ಖಾಲಿ ಉಳಿದಿತ್ತು. ಅಲ್ಲಿಗೆ ಇನ್ನೊಂದು ಡೀಸೆಲ್ ಟ್ಯಾಂಕ್ ಹಾಕೋಣ ಅನ್ನಿಸಿದ್ದು ನೆವಾಡಾದ 50ನೇ ಹೆದ್ದಾರಿಯಲ್ಲಿ.

ಆ ರಸ್ತೆಗೆ 1986ರಲ್ಲಿ ಲೈಫ್ ಪತ್ರಿಕೆ 'ಅಮೆರಿಕದ ಅತ್ಯಂತ ಒಂಟಿ ರಸ್ತೆ' ಅಂತ ಹೆಸರಿಟ್ಟಿತು. ನಾನಿರುವ ರೀನೋದಿಂದ ಈಲಿಗೆ ಸುಮಾರು 320 ಮೈಲಿ. ಫ್ಯಾಲನ್ ದಾಟಿದರೆ ಆಸ್ಟಿನ್ ಬರುವವರೆಗೆ 110 ಮೈಲಿ ಬರೀ ಬೆಟ್ಟ, ಬಯಲು. ಟ್ರೇಲರ್ ಎಳೆದರೆ ನನ್ನ ಗಾಡಿ ಗ್ಯಾಲನ್‌ಗೆ 10 ಮೈಲಿ ಕೊಡುತ್ತದೆ, ಅಷ್ಟೇ. ಒಮ್ಮೆ ಸಣ್ಣ ಊರೊಂದರಲ್ಲಿ ರಾತ್ರಿ ಬಂಕಿನ ಡೀಸೆಲ್ ಪಂಪ್ ಕೆಟ್ಟು ನಿಂತಿತ್ತು. ಹೆಂಡತಿ ಮಕ್ಕಳ ಜೊತೆ ಬೆಳಗಿನವರೆಗೆ ಗಾಡಿಯಲ್ಲೇ ಮಲಗಿದೆವು, ಚಳಿಯಲ್ಲಿ ಮಕ್ಕಳು ನಡುಗಿದ್ದು ಇನ್ನೂ ಮರೆತಿಲ್ಲ.

40 ಗ್ಯಾಲನ್ನಿನ ಅಲ್ಯೂಮಿನಿಯಂ ಟ್ಯಾಂಕ್ ತಂದೆ, ಅಂದರೆ 150 ಲೀಟರ್. ತುಂಬಿದರೆ ಡೀಸೆಲ್ಲೇ ಸುಮಾರು 125 ಕೆಜಿ. ಅದಕ್ಕೇ ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂರಿಸಿದೆ. ಒಳಗೆ ಅಡ್ಡತಗಡು ಇರುವ ಟ್ಯಾಂಕೇ ತೆಗೆದುಕೊಳ್ಳಿ, ಇಲ್ಲದಿದ್ದರೆ ತಿರುವಿನಲ್ಲಿ ಡೀಸೆಲ್ ಒಂದು ಕಡೆಗೆ ನುಗ್ಗುತ್ತದೆ. ಸತು ಲೇಪಿಸಿದ ತಗಡಂತೂ ಬೇಡವೇ ಬೇಡ, ಸತು ಡೀಸೆಲ್ ಜೊತೆ ಸೇರಿ ಫಿಲ್ಟರ್ ಕಟ್ಟಿಸುತ್ತದೆ. ಚಾಸಿ ಹಳ್ಳದಿಣ್ಣೆಯಲ್ಲಿ ತಿರುಚುತ್ತದೆ ಅಲ್ವಾ, ಹಾಗಾಗಿ ಟ್ಯಾಂಕಿನ ಕೆಳಗೆ ದಪ್ಪ ರಬ್ಬರ್ ಇಟ್ಟು ಬೋಲ್ಟ್ ಬಿಗಿದೆ.

ಇಷ್ಟೆಲ್ಲ ಸರಿಯಾಗಿ ಮಾಡಿ ಪೈಪಿನಲ್ಲಿ ತಪ್ಪಿದೆ. ಎರಡು ಟ್ಯಾಂಕಿನಿಂದಲೂ ಪೈಪ್ ಎಳೆದು ನಡುವೆ ಒಂದು ವಾಲ್ವ್ ಹಾಕಿದೆ: ಈ ಕಡೆ ತಿರುಗಿಸಿದರೆ ಹಳೇ ಟ್ಯಾಂಕ್, ಆ ಕಡೆ ಹೊಸದು. ಆದರೆ ಡೀಸೆಲ್ ಎಂಜಿನ್‌ನಲ್ಲಿ ಪಂಪ್ ಎಳೆದದ್ದೆಲ್ಲ ಉರಿಯುವುದಿಲ್ಲ. ಹೆಚ್ಚಿನದು ಪಂಪನ್ನು ತಂಪು ಮಾಡಿ ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಬರುತ್ತದೆ. ನನ್ನ ರಿಟರ್ನ್ ಮಾತ್ರ ಹಳೇ ಟ್ಯಾಂಕಿಗೇ ಉಳಿದಿತ್ತು, ಅದೋ ಬಾಯಿಮಟ್ಟ ತುಂಬಿತ್ತು. ಫ್ಯಾಲನ್ ಹತ್ತಿರ ವಾಸನೆ ಬಂದು ಇಳಿದು ನೋಡಿದರೆ ಮುಚ್ಚಳದಿಂದ ಡೀಸೆಲ್ ಸುರಿಯುತ್ತಿತ್ತು. ಹಿಂದೆ ಬೈಕಿನವರು ಯಾರಾದರೂ ಬಂದಿದ್ದರೆ ಏನು ಗತಿ ಅಂತ ಕೈಕಾಲು ತಣ್ಣಗಾಯಿತು.

ಈಗ ಆರು ಬಾಯಿಯ ಮೋಟಾರ್ ವಾಲ್ವ್ ಹಾಕಿದ್ದೇನೆ. ಡ್ಯಾಶ್‌ಬೋರ್ಡಿನ ಒಂದೇ ಸ್ವಿಚ್ಚು ಒತ್ತಿದರೆ ಹೋಗುವ ಪೈಪು, ಬರುವ ಪೈಪು ಎರಡೂ ಒಟ್ಟಿಗೆ ಬದಲಾಗುತ್ತವೆ, ಮೀಟರಿನ ವೈರು ಕೂಡ. ಎಲ್ಲಿಂದ ಎಳೆಯಿತೋ ಅಲ್ಲಿಗೇ ವಾಪಸ್. ಗಾಳಿ ಆಡುವ ಪೈಪನ್ನು ಟ್ಯಾಂಕಿಗಿಂತ ಮೇಲೆ ಒಯ್ದು, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಸೇರಿಸಿದೆ. ಟ್ಯಾಂಕನ್ನು ಪೂರ್ತಿ ತುಂಬಿಸುವುದಿಲ್ಲ, ನೂರಕ್ಕೆ ಐದು ಭಾಗ ಖಾಲಿ ಬಿಡುತ್ತೇನೆ. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ, 30 ಡಿಗ್ರಿ ಏರಿದರೆ 150 ಲೀಟರಿಗೆ ಮೂರೂವರೆ ಲೀಟರಿಗಿಂತ ಜಾಸ್ತಿ.

ಒಂದು ಟ್ಯಾಂಕ್ ಬತ್ತುವವರೆಗೂ ಕಾಯಬೇಡಿ. ಹಿರಿಯೂರಲ್ಲಿ ನಮ್ಮ ಮಾವ ಲಾರಿ ಓಡಿಸುತ್ತಿದ್ದರು. ಟ್ಯಾಂಕ್ ಖಾಲಿಯಾಗಿ ಲೈನಿಗೆ ಗಾಳಿ ಹೊಕ್ಕರೆ ರಸ್ತೆ ಬದಿಯಲ್ಲಿ ಕೈಪಂಪ್ ಒತ್ತಿ ಒತ್ತಿ ಏರ್ ತೆಗೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ನಾನು ಕಾಲು ಭಾಗ ಇರುವಾಗಲೇ ಬದಲಾಯಿಸುತ್ತೇನೆ.

ಪೆಟ್ರೋಲ್ ಗಾಡಿಗೆ ಇದನ್ನು ಮನೆಯಲ್ಲಿ ಮಾಡಲೇಬೇಡಿ. ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ತುಮಕೂರಿನ ಗೆಳೆಯನೊಬ್ಬ ಬೊಲೆರೊಗೆ ಹಾಕಿಸಲಾ ಅಂತ ಕೇಳಿದ. ಸುಮ್ನೆ ತೊಂದರೆ ಬೇಡ ಅಂದೆ. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ.

ಹೋದ ತಿಂಗಳು ಎಲ್ಲೂ ಡೀಸೆಲ್ ಹಾಕಿಸದೆ ಈಲಿ ಮುಟ್ಟಿದೆವು. ಹೊಸ ಟ್ಯಾಂಕಿನ ಮೀಟರು ಮಾತ್ರ ಮುಕ್ಕಾಲು ಇದ್ದರೂ ಅರ್ಧ ಅನ್ನುತ್ತದೆ. ಒಳಗಿನ ತೇಲುಗುಂಡಿನ ಕಡ್ಡಿ ಸ್ವಲ್ಪ ಬಗ್ಗಿಸಬೇಕು, ಈ ಶನಿವಾರ ಅದೇ ಕೆಲಸ.