ಪ್ಯಾರಿಸ್ಸಿನ ಸೇನಾ ಸಂಗ್ರಹಾಲಯ: ಕರಿಮದ್ದು ಹಿಂದೆ ಸರಿದ ಕಾಲವನ್ನು ನೋಡುವ ಬಗೆ

ಬಂದೂಕುಗಳ ಇತಿಹಾಸದಲ್ಲಿ ಆಸಕ್ತಿಯಿಟ್ಟುಕೊಂಡು ಪ್ಯಾರಿಸ್ಸಿಗೆ ಹೋಗುವವರು ಇನ್ವಾಲೀಡ್ ಕಟ್ಟಡದಲ್ಲಿರುವ ಸೇನಾ ಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ನವೀಕರಣಕ್ಕಾಗಿ ಕೆಲವು ವಿಭಾಗಗಳನ್ನು ಮುಚ್ಚಿರುವ ಸಾಧ್ಯತೆ ಇರುವುದರಿಂದ ಮೊದಲೇ ಜಾಲತಾಣದಲ್ಲಿ ವಿಚಾರಿಸಿಕೊಳ್ಳಿ. ಮೆಟ್ರೊದ 8ನೇ ಮಾರ್ಗದ ಲಾ ತೂರ್-ಮೋಬೂರ್ ನಿಲ್ದಾಣ ಹತ್ತಿರದಲ್ಲೇ ಇದೆ. ನೆಪೋಲಿಯನ್ನನ ಸಮಾಧಿಗೂ ಅದೇ ಟಿಕೆಟ್ ಸಲ್ಲುತ್ತದೆ; ಆದರೆ ಅದನ್ನು ಕೊನೆಗೆ ಇಟ್ಟುಕೊಂಡು, ಬಾಗಿಲು ತೆರೆದೊಡನೆ 1871ರಿಂದ 1945ರವರೆಗಿನ ವಿಭಾಗಕ್ಕೆ ಹೋಗುವುದು ಒಳ್ಳೆಯದು.

ಅಲ್ಲಿ ಫ್ರೆಂಚ್ ಸೇನೆಯ ಕರಿಮದ್ದಿನ ಬಂದೂಕಾದ 1874ರ ಗ್ರಾ ರೈಫಲನ್ನು ಮೊದಲು ನೋಡಿ, ಅನಂತರವೇ ಹೊಗೆರಹಿತ ಮದ್ದಿನ 1886ರ ಲೆಬೆಲ್ ರೈಫಲಿನ ಮುಂದೆ ನಿಲ್ಲಿ. ಎರಡರ ನಡುವೆ ಇರುವುದು ಹನ್ನೆರಡೇ ವರ್ಷ, ಆದರೆ ನಳಿಗೆಯ ವ್ಯಾಸ 11 ಮಿಲಿಮೀಟರಿನಿಂದ 8ಕ್ಕೆ ಇಳಿದಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಘನ ಕಣಗಳಾಗಿಯೇ ಉಳಿದು, ಒಂದಷ್ಟು ಹೊಗೆಯಾಗಿ ಹೊರಬಂದರೆ ಇನ್ನೊಂದಷ್ಟು ಮಸಿಯಾಗಿ ನಳಿಗೆಗೆ ಅಂಟುತ್ತಿತ್ತು. ಮಲೆನಾಡಿನ ಕೇಪಿನ ಕೋವಿಯನ್ನು ತೊಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ಪಾಲ್ ವಿಯೇಯ್ 1884ರಲ್ಲಿ ನೈಟ್ರೋಸೆಲ್ಯುಲೋಸನ್ನು (ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಸ್ಫೋಟಕವನ್ನು) ಈಥರ್ ಮತ್ತು ಆಲ್ಕೊಹಾಲಿನಲ್ಲಿ ಮಿದುಗೊಳಿಸಿ, ತೆಳುವಾದ ಹಾಳೆಗಳಾಗಿ ಲಟ್ಟಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿ ಹೊಗೆರಹಿತ ಮದ್ದನ್ನು ತಯಾರಿಸಿದಾಗ ಆ ಹೊಗೆ, ಮಸಿಗಳ ಕಾಟ ಬಹುಮಟ್ಟಿಗೆ ತಪ್ಪಿತು. ಕಿರಿದಾದ ನಳಿಗೆಯೂ ಹೆಚ್ಚಿನ ವೇಗವೂ ಸಾಧ್ಯವಾದವು. ಆ ವೇಗಕ್ಕೆ ಬರಿಯ ಸೀಸ ತಾಳದ ಕಾರಣ ಗುಂಡಿಗೆ ತಾಮ್ರ-ನಿಕ್ಕಲ್ ಕವಚ ಬಂತು.

ಲೆಬೆಲ್ ತೋಟಾ ಎಲ್ಲಿ ಕಂಡರೂ ಅದರ ಆಕಾರವನ್ನು ಗಮನಿಸಿ. ಬುಡ ದಪ್ಪಗಿದ್ದು, ಎರಡು ಹಂತಗಳಲ್ಲಿ ಸಪೂರವಾಗುತ್ತ ಹೋಗುತ್ತದೆ. ಯುದ್ಧಮಂತ್ರಿ ಬುಲಾಂಜೆ ತರಾತುರಿ ಮಾಡಿದ್ದರಿಂದ ಹೊಸದನ್ನು ರೂಪಿಸಲು ಸಮಯವಿಲ್ಲದೆ, ಗ್ರಾ ತೋಟಾದ ಹಿತ್ತಾಳೆ ಕೋಶವನ್ನೇ ಕುಗ್ಗಿಸಿ ಬಳಸಿಕೊಂಡದ್ದರ ಗುರುತು ಅದು. ನನ್ನ ಮಟ್ಟಿಗೆ ಇಡೀ ಸ್ಥಿತ್ಯಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಬೇರೊಂದಿಲ್ಲ.

ಸಮವಸ್ತ್ರಗಳಿಗೂ ಸಾಕಷ್ಟು ಸಮಯ ಉಳಿಸಿಕೊಳ್ಳಿ. ಹೊಗೆಯ ಮರೆ ಹೋದ ಮೇಲೆ ಗುಂಡು ಹಾರಿಸುವವನು ಕಾಣದಾದ, ಬಯಲಿನಲ್ಲಿ ನಡೆದು ಬರುವವನು ಮಾತ್ರ ದೂರದಿಂದಲೇ ಕಾಣುತ್ತಿದ್ದ. ಹೀಗಿದ್ದೂ ಈ ಮದ್ದನ್ನು ಮೊದಲು ಸೇನೆಗೆ ತಂದ ಫ್ರಾನ್ಸೇ 1914ರಲ್ಲಿ ತನ್ನ ಕಾಲಾಳುಗಳನ್ನು ಕೆಂಪು ಷರಾಯಿಯಲ್ಲಿ ರಣರಂಗಕ್ಕೆ ಕಳಿಸಿತು. ಅದೇ ವರ್ಷ ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಬಂದಿಳಿದ ಭಾರತೀಯ ಸೈನಿಕರು ಆಗಲೇ ಖಾಕಿ ತೊಟ್ಟಿದ್ದರು.