ಹೊಟ್ಟೆ ಸೀಳಿಲ್ಲದ ಧ

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕವೊಂದರ ಮಾಲೀಕರು ಕಳೆದ ತಿಂಗಳು ಪ್ಯಾಂಟಿನ ಹಿಂಬದಿಗೆ ಹೊಲಿಯುವ ಚರ್ಮದ ಪಟ್ಟಿಗೆ ಅಕ್ಷರ ಮಾಡಿಕೊಡಿ ಎಂದು ಬಂದರು. ಮೇಲೆ ಇಂಗ್ಲಿಷಿನಲ್ಲಿ ಅವರ ಹೆಸರು, ಕೆಳಗೆ ಕನ್ನಡದಲ್ಲಿ ‘ಸಿದ್ಧ ಉಡುಪು, ಬಳ್ಳಾರಿ’. "ಬಾಲ, ಕೊಂಬು ಏನೂ ಬೇಡ, ಸಾದಾ ಇರಲಿ" ಎಂದರು.

ಸಾದಾ ಎಂದರೆ ನನಗೆ ಮೊದಲು ಹೊಳೆಯುವುದು ಫ್ಯೂಚುರಾ. ಜರ್ಮನಿಯ ಪೌಲ್ ರೆನ್ನರ್ ರೂಪಿಸಿದ, 1927ರಲ್ಲಿ ಹೊರಬಂದ ಅಕ್ಷರವಿನ್ಯಾಸ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲಿಯೂ ಇದೇ ಇದೆ. ಅಲ್ಲಿಗೆ ಹೋಗಿದ್ದು ನಮ್ಮೂರಿನ ಪ್ಯಾಂಟಿಗೆ ಒಲ್ಲೆ ಎನ್ನುತ್ತದೆಯೇ?

ನೋಡಿದರೆ ಕಂಪಾಸು, ಸ್ಕೇಲು ಇದ್ದವರು ಯಾರಾದರೂ ಎಳೆಯಬಹುದು ಅನ್ನಿಸುತ್ತದೆ. ಅದೇ ಅದರ ಮೋಸ. ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪ, "ದುಂಡನೆಯ ಅಕ್ಷರವನ್ನು ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ದಾಟಿಸು, ಇಲ್ಲದಿದ್ದರೆ ಪಕ್ಕದ್ದಕ್ಕಿಂತ ಕುಳ್ಳಗೆ ಕಾಣುತ್ತದೆ" ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿ ಫ್ಯೂಚುರಾದ ಇಂಗ್ಲಿಷ್ ‘ಓ’ ಹಿಗ್ಗಿಸಿ ನೋಡಿದೆ: ಮೇಲೂ ಕೆಳಗೂ ಗೆರೆ ದಾಟಿದೆ. ಸಣ್ಣ ‘ಬಿ’ಯ ಹೊಟ್ಟೆ ಕಂಬವನ್ನು ಕೂಡುವಲ್ಲಿ ಗೆರೆ ಸಣ್ಣಗಾಗುತ್ತದೆ, ಆಗದಿದ್ದರೆ ಆ ಸಂದಿಯಲ್ಲಿ ಕಪ್ಪು ಗಂಟು ಬಿದ್ದಂತೆ ಕಾಣುತ್ತದೆ.

"ಕನ್ನಡ ಮೊದಲೇ ದುಂಡು, ನಿಮಗೇನು ಕಷ್ಟ?" ಎಂದರು ಮಾಲೀಕರು. ಠ ಹೇಳಿದಂತೆ ಕೇಳಿತು, ನಿಜ. ತಲೆಕಟ್ಟು ಕೇಳಲಿಲ್ಲ. ಒತ್ತಕ್ಷರ ಅದಕ್ಕಿಂತ ಹಟಮಾರಿ. ‘ಳ್ಳಾ’ದಲ್ಲಿ ಒತ್ತಿಗೂ ಮೇಲಿನ ಅಕ್ಷರದಷ್ಟೇ ದಪ್ಪ ಕೊಟ್ಟರೆ ಹಿಟ್ಟಿನ ಮುದ್ದೆಯಾಗುತ್ತದೆ. ಗೆರೆ ತುಸು ತೆಳುವಾಗಿಸಬೇಕು, ಆದರೆ ತೆಳುವಾಗಿಸಿದ್ದು ಗೊತ್ತಾಗಬಾರದು. 1843ರಲ್ಲಿ ಕಲ್ಲಚ್ಚಿನಲ್ಲಿ ಶುರುವಾದ ‘ಮಂಗಳೂರ ಸಮಾಚಾರ’ ಪತ್ರಿಕೆ ಮರುವರ್ಷ ಅಚ್ಚಾಗಲು ಬಂದದ್ದು ಇದೇ ಬಳ್ಳಾರಿಗೆ. ಕನ್ನಡದ ಅಚ್ಚುಮೊಳೆ ಜೋಡಿಸಿದ ಆ ಕಾಲದವರನ್ನು ಮನಸ್ಸಿನಲ್ಲಿಯೇ ನೆನೆದೆ.

ಮೊದಲ ಮಾದರಿ ಬಂತು. ಹಿತ್ತಾಳೆಯ ಡೈ ಕಾಯಿಸಿ ಒತ್ತಿದಾಗ ಚರ್ಮ ಮುದುಡಿ, ಒತ್ತು ಧಕಾರದ ಹೊಟ್ಟೆ ಸೀಳು ಮುಚ್ಚಿಹೋಗಿತ್ತು. ಸಿದ್ಧ ಹೋಗಿ ‘ಸಿದ್ದ’ ಆಗಿದ್ದ. ಅರ್ಧ ಊರು ಹಾಗೆಯೇ ಬರೆಯುತ್ತದೆ, ಯಾರೂ ಕೇಳುತ್ತಿರಲಿಲ್ಲ. ನನಗೇ ನಿದ್ದೆ ಬರಲಿಲ್ಲ. ಸೀಳನ್ನು ಅಗಲಿಸಿ, ಒತ್ತನ್ನು ಕೊಂಚ ಕೆಳಗಿಳಿಸಿ ಮತ್ತೆ ಕೊಟ್ಟೆ.

ಒಳಗಿನ ತೊಳೆಯುವ ಸೂಚನೆಯ ಚೀಟಿಗೆ ಮಾತ್ರ ಫ್ಯೂಚುರಾ ಬೇಡವೆಂದೆ. ಅದರ ಸಣ್ಣ ‘ಎ’ಯೂ ‘ಓ’ವೂ ಅಣ್ಣತಮ್ಮಂದಿರಂತೆ; ಅಷ್ಟು ಚಿಕ್ಕದರಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಅಲ್ಲಿ ನೋಟೊ ಸಾನ್ಸ್ ಎಂಬ ಬೇರೆ ಅಕ್ಷರವಿನ್ಯಾಸ ಹಾಕಿದೆ.

ಎರಡನೆಯ ಮಾದರಿಯ ಮೇಲೆ ಮಾಲೀಕರು ಹೆಬ್ಬೆರಳಾಡಿಸಿ ತಲೆದೂಗಿದರು. ಆಮೇಲೆ ಜೇಬಿನಿಂದ ಸ್ಕೇಲು ತೆಗೆದು ಅಳೆದು, "ಈ ‘ಓ’ ಗೆರೆ ದಾಟಿದೆಯಲ್ಲ?" ಎಂದರು. ಸ್ಕೇಲು ಇಸಿದುಕೊಂಡು, ಪಟ್ಟಿಯನ್ನು ಗೋಡೆಗೆ ಆನಿಸಿಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ ಎಂದೆ.