ಕಸದ ಆಟೋ ಬಂದಾಗ ಆ ಮೂರನೇ ಕಸ ಎಲ್ಲಿ?

ಬೆಂಗಳೂರಲ್ಲಿ 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಆಸ್ತಿ ತೆರಿಗೆ ಜೊತೆನೇ ಕಟ್ಟಬೇಕಾಯ್ತು, ಮನೆ ಅಳತೆ ಮೇಲೆ ತಿಂಗಳಿಗೆ 10 ರೂಪಾಯಿಂದ 400ರ ತನಕ, ಆಮೇಲೆ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಬಂತು, ಹಾಗಾಗಿ ನಮ್ಮ ಬೀದಿ ವಾಟ್ಸಾಪ್ ಗ್ರೂಪಲ್ಲಿ ಇದೇ ಮಾತು. ದುಡ್ಡು ಕಟ್ಟೋರು ಲೆಕ್ಕ ಕೇಳ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪಾಲಿಕೆಯವರು ಎಷ್ಟೋ ವರ್ಷದಿಂದ ಹೇಳ್ತಾ ಬಂದಿರೋ ಒಂದು ವಿಷಯ ಯಾರೂ ಎತ್ತಲ್ಲ: ಹಸಿ ಕಸ, ಒಣ ಕಸ ಬಿಟ್ಟು ಮೂರನೇದು, ಪ್ಯಾಡು, ಸೂಜಿ, ಬ್ಯಾಟರಿ ಥರದ ಕಸ ಬೇರೆ ಇಡೋದು.

2015ರ ಡಿಸೆಂಬರಲ್ಲಿ ಹೈಕೋರ್ಟ್ ಎರಡು ಬಕೆಟ್ ಒಂದು ಚೀಲ ಅಂತ ಆದೇಶ ಮಾಡ್ತಲ್ಲ, ಹಸಿರು ಬಕೆಟಲ್ಲಿ ಹಸಿ ಕಸ, ಚೀಲದಲ್ಲಿ ಒಣ ಕಸ, ಕೆಂಪು ಬಕೆಟಲ್ಲಿ ಪ್ಯಾಡು ಡೈಪರು ಬ್ಯಾಂಡೇಜು ಇಂಥದ್ದು. ಮೊದಲೆರಡು ಸುಮಾರು ಮನೆಗಳಲ್ಲಿ ರೂಢಿ ಆಗಿದೆ, ಕೆಂಪು ಬಕೆಟ್ ಮಾತ್ರ ಎಷ್ಟೋ ಮನೇಲಿ ಇಲ್ವೇ ಇಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೂ ಬರೆದಿತ್ತು, ಪ್ಯಾಡ್ ಡೈಪರ್ ಸುತ್ತಿ ಕೊಡಿ, ಬಲ್ಬು, ಬ್ಯಾಟರಿ, ಪೇಂಟ್ ಡಬ್ಬ, ಹಳೇ ಮಾತ್ರೆ, ಸೂಜಿ ಎಲ್ಲಾ ಬೇರೆ ಇಡಿ ಅಂತ.

ಬೇರೆ ಇಡದಿದ್ರೆ ಏನಾಗತ್ತೆ ಅಂದ್ರೆ, ನಾವು ಕವರ್‌ಗೆ ಗಂಟು ಹಾಕಿ ಕೊಟ್ಟಿದ್ದನ್ನ ಪೌರಕಾರ್ಮಿಕರು ಆಟೋ ಮೇಲೆ ನಿಂತು ಕೈಯಲ್ಲೇ ಬಿಚ್ಚಿ ವಿಂಗಡಣೆ ಮಾಡ್ತಾರೆ, ಅದರೊಳಗೆ ಒಡೆದ ಲೋಟ ಇದೆಯೋ ಶುಗರ್ ಇರೋರ ಇನ್ಸುಲಿನ್ ಸೂಜಿ ಇದೆಯೋ ಅವರಿಗೆ ಹೇಗೆ ಗೊತ್ತಾಗ್ಬೇಕು. ಗಾಜನ್ನ ದಪ್ಪ ಪೇಪರಲ್ಲಿ ಸುತ್ತಿ ಮೇಲೆ ‘ಗಾಜು’ ಅಂತ ಬರೆದು, ಕೈಗೆ ಕೊಡುವಾಗ ಬಾಯಲ್ಲೂ ಒಂದು ಮಾತು ಹೇಳಿ. ಪ್ಯಾಡನ್ನ ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ರೆ ಅದನ್ನ ಯಾರೂ ಬಿಚ್ಚಿ ನೋಡ್ಬೇಕಾಗಿಲ್ಲ. ಸೂಜಿಗಳನ್ನ ಮುಚ್ಚಳ ಇರೋ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ ಇಟ್ಕೊಳ್ಳಿ.

ನನಗೆ ಎಲ್ಲಕ್ಕಿಂತ ಭಯ ಈಗಿನ ಲಿಥಿಯಂ ಬ್ಯಾಟರಿಗಳದ್ದು. ಉಬ್ಬಿರೋ ಪವರ್ ಬ್ಯಾಂಕ್, ಹಳೇ ಮೊಬೈಲು, ಕಿವಿಗೆ ಹಾಕೋ ಬ್ಲೂಟೂತ್, ಮಕ್ಕಳ ಚಾರ್ಜಿಂಗ್ ಆಟಿಕೆ ಎಲ್ಲದರಲ್ಲೂ ಅದೇ ಇರೋದು. ಕಾಂಪ್ಯಾಕ್ಟರ್ ಲಾರಿ ಕಸ ಒತ್ತುವಾಗ ಬ್ಯಾಟರಿ ಜಜ್ಜಿಹೋಗಿ ಒಳಗೇ ಶಾರ್ಟ್ ಆಗತ್ತೆ, ಬಿಸಿ ಏರಿ ಬೆಂಕಿ ಹತ್ಕೊಳತ್ತೆ, ಸುತ್ತ ಒಣ ಪೇಪರು ಪ್ಲಾಸ್ಟಿಕ್ಕು ಇರತ್ತೆ ಬೇರೆ. ಜಿರಳೆ ಸ್ಪ್ರೇ ಡಬ್ಬನೂ ಹಂಗೇ, ಒಳಗೆ ಗ್ಯಾಸ್ ಉಳಿದಿದ್ರೆ ಬಿಸಿಗೆ ಸಿಡಿಯತ್ತೆ. ಬ್ಯಾಟರಿಯ ಎರಡೂ ತುದಿಗೆ ಸೆಲ್ಲೋಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ ಒಂದು ಡಬ್ಬದಲ್ಲಿ ಹಾಕಿಟ್ಟು, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ. ರಿಮೋಟು, ವಾಚು ಇವುಗಳ ಬಟನ್ ಸೆಲ್ ಪುಟ್ಟ ಮಕ್ಕಳು ನುಂಗಿದ್ರೆ ಗಂಟೆ ಎರಡು ಗಂಟೆಯಲ್ಲೇ ಅನ್ನನಾಳ ಸುಡೋಕೆ ಶುರುವಾಗತ್ತೆ, ನುಂಗಿದೆ ಅಂತ ಅನುಮಾನ ಬಂದ್ರೂ ಸಾಕು, ಕಾಯದೆ ಸೀದಾ ಆಸ್ಪತ್ರೆಗೆ ಓಡಿ.

ಹಳೇ ಪಾದರಸದ ಥರ್ಮಾಮೀಟರ್ ಒಡೆದ್ರೆ ಪೊರಕೆಲಿ ಗುಡಿಸ್ಬೇಡಿ, ಹನಿ ಇನ್ನೂ ಚಿಕ್ಕದಾಗಿ ಎಲ್ಲಾ ಕಡೆ ಹರಡತ್ತೆ, ಕಿಟಕಿ ತೆಗೆದು, ಗಟ್ಟಿ ರಟ್ಟಿನಲ್ಲಿ ಒಟ್ಟು ಮಾಡಿ ಮುಚ್ಚಳ ಇರೋ ಬಾಟಲಿಗೆ ಹಾಕಿ.

ಶುಲ್ಕ ಕಟ್ತಿದೀವಿ ಅಂದ್ಮೇಲೆ ಪಾಲಿಕೆಯಿಂದ ನಾವು ಕೇಳ್ಬೇಕಾದ್ದೂ ಇದೆ. ಸೂಜಿ, ಬ್ಯಾಟರಿ, ಪಾದರಸ ಇಂಥ ಕಸ ತಗೊಳ್ಳೋಕೆ ಪ್ರತಿ ವಾರ್ಡಲ್ಲೂ ಒಂದು ಗೊತ್ತಾದ ಜಾಗ, ಒಂದು ಗೊತ್ತಾದ ದಿನ, ಆಟೋ ಮೈಕಲ್ಲೇ ಅನೌನ್ಸ್ ಮಾಡ್ಲಿ, ಮತ್ತೆ ವಿಂಗಡಣೆ ಮಾಡೋರಿಗೆ ಗಟ್ಟಿ ಗ್ಲೌಸ್ ಕೊಡ್ಲಿ. ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡಿದಾಗ ಕಸದ ಆಟೋ ಬಂದಿಲ್ಲ ಅಂತ ಹೇಳೋ ಜೊತೆಗೆ ಇದನ್ನೂ ಕೇಳಿ. ನಿಮ್ಮ ವಾರ್ಡಿನ ಒಣ ಕಸ ಸೆಂಟರಲ್ಲಿ ಟ್ಯೂಬ್‌ಲೈಟು ಬ್ಯಾಟರಿ ತಗೋತಾರಾ? ತಗೊಳ್ಳೋದಾದ್ರೆ ಏರಿಯಾ ಹೆಸರು ಸಮೇತ ಕೆಳಗೆ ಬರೀರಿ, ಒಂದು ಪಟ್ಟಿ ಮಾಡಿ ಹಾಕ್ತೀನಿ.